ಡಿ4ಗೆ ಬ್ಲ್ಯಾಕ್‌ನಲ್ಲಿ ಲಾಸ್ಕರ್ ಡಿಫೆನ್ಸ್ ಆಡೋದು ಹೇಗೆ: ಆನಂದ್–ಟೋಪಲೋವ್ 2010ರ ಕೊನೇ ಗೇಮ್ ಇಟ್ಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಲ್ಲಿ ಭಾನುವಾರ ಯಾವುದಾದ್ರೂ ಸ್ಕೂಲ್ ಹಾಲಲ್ಲಿ ನಡೆಯೋ ರ‍್ಯಾಪಿಡ್ ಟೂರ್ನಮೆಂಟ್‌ಗೆ ಹೋಗಿ ನೋಡಿ, ಇ4 (ರಾಜನ ಮುಂದಿನ ಪಾನ್ ಎರಡು ಮನೆ) ಆಡಿದ್ರೆ ಎಲ್ಲರ ಹತ್ರಾನೂ ಏನೋ ಒಂದು ಉತ್ತರ ರೆಡಿ ಇರತ್ತೆ, ಸಿಸಿಲಿಯನ್ನೋ ಕಾರೋ-ಕಾನ್ನೋ. ಅದೇ ಎದುರುಗಡೆಯವರು ಡಿ4 (ಕ್ವೀನ್ ಮುಂದಿನ ಪಾನ್ ಎರಡು ಮನೆ) ಆಡಿ ಗಡಿಯಾರ ಒತ್ತಿದ ತಕ್ಷಣ ಬಹಳ ಜನ ಅಲ್ಲೇ ತಡವರಿಸ್ತಾರೆ, ಒಂದಿನ ಕಿಂಗ್ಸ್ ಇಂಡಿಯನ್, ಇನ್ನೊಂದಿನ ಡಚ್, ಮತ್ತೊಂದಿನ ಯೂಟ್ಯೂಬಲ್ಲಿ ರಾತ್ರಿ ನೋಡಿದ ಯಾವುದೋ ಗ್ಯಾಂಬಿಟ್. ಹತ್ತನೇ ಮೂವ್ ಆದ್ಮೇಲೆ ಯಾವ ಕಾಯಿ ಎಲ್ಲಿಗೆ ಹೋಗ್ಬೇಕು ಅನ್ನೋದೇ ಗೊತ್ತಿರಲ್ಲ. ಕೆಲಸ, ಟ್ರಾಫಿಕ್, ಮನೆ ಅಂತ ಇರೋರಿಗೆ ವಾರಕ್ಕೆ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಚೆಸ್‌ಗೆ ಸಿಗಲ್ಲ, ಅಂಥವರಿಗೆ ನಾನು ಯಾವಾಗ್ಲೂ ಹೇಳೋದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನ (ವೈಟ್ ಸಿ4ರಲ್ಲಿ ಕೊಡೋ ಪಾನನ್ನ ಬ್ಲ್ಯಾಕ್ ತಕ್ಷಣ ಹೊಡೆಯದ ಓಪನಿಂಗ್) ಲಾಸ್ಕರ್ ಡಿಫೆನ್ಸ್, ಮತ್ತೆ ಅದನ್ನ ಕಲಿಯೋಕೆ ಒಂದೇ ಒಂದು ಗೇಮ್ ಸಾಕು, ಆದ್ರೆ ಆ ಗೇಮನ್ನ ಮೊದಲ ಮೂವಿಂದ ಕೊನೇ ಮೂವಿನವರೆಗೂ ಪೂರ್ತಿ ನೋಡ್ಬೇಕು. ಓಪನಿಂಗ್ ಅಂದ್ರೆ ಮೊದಲ ಹನ್ನೆರಡು ಮೂವ್ ಅಂದ್ಕೊಂಡು ಅಷ್ಟಕ್ಕೇ ನಿಲ್ಲಿಸೋರಿಗೆ ಆ ಹನ್ನೆರಡು ಮೂವೂ ಯಾಕೆ ಅಂತ ಅರ್ಥ ಆಗಿರಲ್ಲ.

ಆ ಗೇಮ್ ಯಾವುದು ಅಂದ್ರೆ, 2010ರ ಮೇ 11, ಬಲ್ಗೇರಿಯಾದ ಸೋಫಿಯಾ, ವಿಶ್ವ ಚಾಂಪಿಯನ್‌ಶಿಪ್ ಮ್ಯಾಚ್‌ನ 12ನೇ ಹಾಗೂ ಕೊನೇ ಗೇಮ್. ಸ್ಕೋರ್ 5.5–5.5. ಟೋಪಲೋವ್‌ಗೆ ವೈಟ್, ಅದೂ ಅವರದೇ ದೇಶದಲ್ಲಿ, ವಿಶ್ವನಾಥನ್ ಆನಂದ್‌ಗೆ ಬ್ಲ್ಯಾಕ್. ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳೆಲ್ಲ ನಿಂತುಹೋಗಿ ಆನಂದ್ ಫ್ರಾಂಕ್‌ಫರ್ಟ್‌ನಿಂದ ಸೋಫಿಯಾಗೆ ರಸ್ತೆ ಮೇಲೆ ಹೋಗಿದ್ರು, ಮ್ಯಾಚ್ ಶುರುವಾಗಿದ್ದೇ ಒಂದು ದಿನ ತಡವಾಗಿ, ಮೊದಲನೇ ಗೇಮ್ ಸೋತಿದ್ರು ಬೇರೆ. ಡ್ರಾ ಆಗಿದ್ರೆ ರ‍್ಯಾಪಿಡ್ ಟೈಬ್ರೇಕ್. ಇಂಥ ದಿನ ಆನಂದ್ ಆರಿಸ್ಕೊಂಡಿದ್ದು ಯಾವ ಹೊಸ ಅಸ್ತ್ರಾನೂ ಅಲ್ಲ, 1894ರಿಂದ 1921ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಎಮಾನುಯೆಲ್ ಲಾಸ್ಕರ್ 1907ರಲ್ಲಿ ಮಾರ್ಷಲ್ ವಿರುದ್ಧ ವಿಶ್ವ ಚಾಂಪಿಯನ್‌ಶಿಪ್ ಮ್ಯಾಚಲ್ಲಿ ಆಡಿದ ಹಳೇ ಡಿಫೆನ್ಸ್.

ಮುಂದೆ ಹೋಗೋ ಮುಂಚೆ ಒಂದು ಮಾತು. ಬೋರ್ಡ್ ಇಟ್ಕೊಳ್ಳಿ. ಮೊಬೈಲ್ ಬೇಡ, ನಿಜವಾದ ಬೋರ್ಡು, ನಿಜವಾದ ಕಾಯಿ, ಬ್ಲ್ಯಾಕ್ ನಿಮ್ಮ ಕಡೆ. ಟೂರ್ನಮೆಂಟಲ್ಲಿ ಆಡೋದು ಬೋರ್ಡ್ ಮೇಲೆ ತಾನೆ, ಕಣ್ಣಿಗೆ ಅದೇ ಅಭ್ಯಾಸ ಆಗ್ಬೇಕು. ಇಲ್ಲಿ ಆನೆ ಅಂದ್ರೆ ರೂಕ್, ಕುದುರೆ ಅಂದ್ರೆ ನೈಟ್, ಬಿಷಪ್, ಕ್ವೀನ್, ಪಾನ್ ಹಾಗೇ ಬರೀತೀನಿ, × ಅಂದ್ರೆ ಹೊಡೆಯೋದು. ಬರೀ ಮನೆ ಹೆಸರಿದ್ರೆ ಅದು ಪಾನ್ ಮೂವ್.

ಹೆಜ್ಜೆ 1: ಮೊದಲ ಏಳು ಮೂವ್, ಪ್ರತಿಯೊಂದಕ್ಕೂ ಕಾರಣ

1. ಡಿ4 ಡಿ5 2. ಸಿ4 ಇ6 3. ಕುದುರೆ ಎಫ್3 ಕುದುರೆ ಎಫ್6 4. ಕುದುರೆ ಸಿ3 ಬಿಷಪ್ ಇ7 5. ಬಿಷಪ್ ಜಿ5 ಎಚ್6 6. ಬಿಷಪ್ ಎಚ್4 ಕ್ಯಾಸಲಿಂಗ್ 7. ಇ3 ಕುದುರೆ ಇ4

ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನಲ್ಲಿ ಬ್ಲ್ಯಾಕ್‌ಗೆ ಒಂದೇ ದೊಡ್ಡ ತಲೆನೋವು, ಜಾಗ ಕಮ್ಮಿ. ಇ6 ಆಡಿದ ತಕ್ಷಣ ಸಿ8ರ ಬಿಷಪ್ ಒಳಗೆ ಸಿಕ್ಕಾಕೊಳ್ಳತ್ತೆ, ಕಾಯಿಗಳು ಒಂದರ ದಾರಿಗೆ ಒಂದು ಅಡ್ಡ ನಿಲ್ತವೆ. ವಠಾರದ ಒಂದೇ ರೂಮಲ್ಲಿ ಎಂಟು ಜನ ಇದ್ರೆ ಇಬ್ಬರು ಹೊರಗೆ ಹೋದ್ರೂ ಉಳಿದವರು ಕಾಲು ಚಾಚಬಹುದು ಅಲ್ವಾ, 7ನೇ ಮೂವ್ ಮಾಡೋದು ಅಷ್ಟೇ ಕೆಲಸ: ಎಫ್6ರ ಕುದುರೆ ಇ4ಗೆ ಹಾರಿದಾಗ ಎಚ್4ರ ಬಿಷಪ್‌ಗೂ ಇ7ರ ಬಿಷಪ್‌ಗೂ ಮುಖಾಮುಖಿ ಆಗತ್ತೆ, ಅದೊಂದು ಜೋಡಿ ಹೋಗತ್ತೆ, ಆಮೇಲೆ ಸಿ3ರ ಕುದುರೆ ಜೊತೆ ಇನ್ನೊಂದು ಜೋಡಿ ಹೋಗತ್ತೆ. ಎರಡು ಜೋಡಿ ಕಾಯಿ ಹೋದ್ಮೇಲೆ ಬ್ಲ್ಯಾಕ್‌ಗೆ ಉಸಿರಾಡೋಕೆ ಜಾಗ ಬರತ್ತೆ.

5ನೇ ಮೂವಲ್ಲಿ ಎಚ್6 ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಮುಂದೆ ವೈಟ್ ಬಿಷಪ್ ಡಿ3ಗೆ, ಕ್ವೀನ್ ಸಿ2ಗೆ ಬಂದು ಎರಡೂ ಸೇರಿ ಎಚ್7 ಕಡೆ ಗುರಿ ಇಡೋದು ಈ ಓಪನಿಂಗ್‌ನ ಹಳೇ ಪ್ಲಾನು. ಎಚ್7ರಲ್ಲಿ ಪಾನೇ ಇಲ್ಲ ಅಂದ್ರೆ ಹೊಡೆಯೋಕೆ ಏನಿರತ್ತೆ? ಜೊತೆಗೆ ಹಿಂದಿನ ಸಾಲಲ್ಲಿ ರಾಜ ಉಸಿರುಗಟ್ಟಿ ಮೇಟ್ ಆಗೋ ಭಯಾನೂ ಹೋಯ್ತು.

6ನೇ ಮೂವಲ್ಲಿ ವೈಟ್ ಬಿಷಪ್ ಹಿಂದೆ ಸರಿಯದೆ ಎಫ್6ರ ಕುದುರೆ ಹೊಡೆದ್ರೆ ಲಾಸ್ಕರ್ ಬರಲ್ಲ, ಆದ್ರೆ ನಿಮಗೆ ಎರಡು ಬಿಷಪ್ ಸಿಗತ್ತೆ: ಬಿಷಪ್×ಎಫ್6, ಕ್ಯಾಸಲಿಂಗ್, ಸಿ6, ಕುದುರೆ ಡಿ7, ಆಮೇಲೆ ಡಿ×ಸಿ4 ಹೊಡೆದು ಇ5 ತಳ್ಳೋದು. ಇದೇ ಕ್ರಮ ನೆನಪಿದ್ರೆ ಸಾಕು.

ಹೆಜ್ಜೆ 2: 8. ಬಿಷಪ್×ಇ7 ಕ್ವೀನ್×ಇ7 ಆದ್ಮೇಲೆ ವೈಟ್ ಏನೇನು ಆಡಬಹುದು

ಇಲ್ಲಿ ನಿಧಾನ ಮಾಡಿ, ಈ ಓಪನಿಂಗಲ್ಲಿ ಕಲಿಯೋದು ಏನಾದ್ರೂ ಇದ್ರೆ ಇಲ್ಲೇ ಇರೋದು. ನಾಲ್ಕು ದಾರಿ ಬರತ್ತೆ.

ಮೊದಲನೇದು 9. ಸಿ×ಡಿ5. ಇದರಲ್ಲೇ ಒಂದು ಗುಂಡಿ ಇದೆ. ಪಾನ್ ಹೊಡೆದ್ರು, ನಾವೂ ತಿರುಗಿ ಇ×ಡಿ5 ಹೊಡೀತೀವಿ ಅಂತ ಕೈ ತಾನಾಗೇ ಹೋಗತ್ತೆ. ಹೋಗ್ಬಾರದು! ಹಾಗೆ ಹೊಡೆದ್ರೆ 10. ಕುದುರೆ×ಡಿ5 ಬರತ್ತೆ, ನಿಮ್ಮ ಕ್ವೀನ್ ಡಿ8 ಬಿಟ್ಟು ಇ7ಗೆ ಬಂದಿದೆ, ಡಿ5 ಕಾಯೋರೇ ಇಲ್ಲ, ಮೇಲಿಂದ ಆ ಕುದುರೆ ಕ್ವೀನ್ ಮೇಲೇ ಬಿದ್ದಿರತ್ತೆ, ಪಾನ್ ಪುಕ್ಕಟೆ ಹೋಯ್ತು. ಸರಿಯಾದ ಕ್ರಮ ಮೊದಲು ಕುದುರೆ×ಸಿ3, ವೈಟ್ ಬಿ×ಸಿ3, ಆಮೇಲೆ ಇ×ಡಿ5. ಈಗ ಸಿ8ರ ಬಿಷಪ್‌ಗೆ ದಾರಿ ತಾನಾಗೇ ತೆರೀತು. ವೈಟ್ ಸಾಮಾನ್ಯವಾಗಿ ಕ್ವೀನ್ ಬಿ3 ಆಡ್ತಾರೆ, ನೀವು ಆನೆ ಡಿ8, ಅವರು ಸಿ4, ನೀವು ಡಿ×ಸಿ4, ಬಿಷಪ್×ಸಿ4 ಕುದುರೆ ಸಿ6. ಅವರಿಗೆ ಸೆಂಟರಲ್ಲಿ ಪಾನ್ ಇದೆ, ನಿಮಗೆ ಕಾಯಿಗಳ ಓಡಾಟ ಇದೆ.

ಎರಡನೇದು 9. ಕುದುರೆ×ಇ4 ಡಿ×ಇ4 10. ಕುದುರೆ ಡಿ2. ಇ4 ಪಾನ್ ಮೇಲೆ ಅಟ್ಯಾಕ್ ಇದೆ, ಎಫ್5 ಆಡಿ ಕಾಯಿರಿ, ಆಮೇಲೆ ಕುದುರೆ ಡಿ7, ಇ5 ತಳ್ಳೋದು ನಿಮ್ಮ ಪ್ಲಾನ್. ಇ4ರ ಪಾನ್ ವೈಟ್ ರಾಜನ ಕಡೆ ಜಾಗ ಕಟ್ಟಿಹಾಕತ್ತೆ, ನನ್ನ ಪ್ರಕಾರ ಬ್ಲ್ಯಾಕ್‌ಗೆ ತುಂಬಾ ಆರಾಮ.

ಮೂರನೇದು 9. ಕ್ವೀನ್ ಸಿ2. ಕುದುರೆ×ಸಿ3, ಕ್ವೀನ್×ಸಿ3, ಡಿ×ಸಿ4, ಬಿಷಪ್×ಸಿ4, ಆಮೇಲೆ ಬಿ6, ಬಿಷಪ್ ಬಿ7, ಕುದುರೆ ಡಿ7, ಕೊನೆಗೆ ಸಿ5. ಒಂದೇ ಎಚ್ಚರ ಏನಂದ್ರೆ ಸಿ4ರ ಬಿಷಪ್ ಪಕ್ಕಕ್ಕೆ ಸರಿದ ತಕ್ಷಣ ವೈಟ್ ಕ್ವೀನ್ ನೇರ ಸಿ7 ಪಾನ್ ನೋಡತ್ತೆ, ಆಗ ಆನೆ ಸಿ8ಗೆ ತಂದು ಕಾಯ್ಕೊಳ್ಳಿ.

ನಾಲ್ಕನೇದು 9. ಆನೆ ಸಿ1, ಟೋಪಲೋವ್ ಆಡಿದ್ದು ಇದೇ. ನೀವು ಸಿ6 ಆಡಿ ಡಿ5 ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಕಾಯೋದು ಒಂದೇ ಒಂದು ಘಳಿಗೆಗೆ: ವೈಟ್‌ನ ಎಫ್1ರ ಬಿಷಪ್ ಹೊರಗೆ ಬರೋ ಘಳಿಗೆ. ಅದು ಇ2ಗೆ ಬರಲಿ ಡಿ3ಗೆ ಬರಲಿ, ಬಂದ ತಕ್ಷಣ ಕುದುರೆ×ಸಿ3, ಆನೆ×ಸಿ3, ಡಿ×ಸಿ4, ಬಿಷಪ್×ಸಿ4. ಆ ಬಿಷಪ್ ಸಿ4ಗೆ ಬರೋಕೆ ಎರಡು ಮೂವ್ ತಗೊಳ್ತು, ನಿಮಗೆ ಒಂದು ಮೂವ್ ಲಾಭ. ಮುಂಚೇನೇ ಆತುರಪಟ್ಟು ಸಿ4 ಹೊಡೆದ್ರೆ ಬಿಷಪ್ ಒಂದೇ ನೆಗೆತಕ್ಕೆ ಬಂದು ಕೂರತ್ತೆ.

ಈ ನಾಲ್ಕನ್ನೂ ಒಂದು ನೋಟ್‌ಬುಕ್ಕಲ್ಲಿ ಕೈಯಲ್ಲೇ ಬರೀರಿ, ಪ್ರತಿ ದಾರಿಗೂ ಒಂದೊಂದು ಸಾಲು ಕನ್ನಡದಲ್ಲಿ “ಇಲ್ಲಿ ನಾನು ಏನು ಮಾಡೋಕೆ ಹೊರಟಿದೀನಿ” ಅಂತ. ಆ ಸಾಲು ಬರೆಯೋಕೆ ಆಗ್ಲಿಲ್ಲ ಅಂದ್ರೆ ಆ ದಾರಿ ಇನ್ನೂ ಅರ್ಥ ಆಗಿಲ್ಲ ಅಂತ, ಮತ್ತೆ ಬೋರ್ಡಿಗೆ ವಾಪಸ್ ಬನ್ನಿ.

ಹೆಜ್ಜೆ 3: ಗೇಮ್ ಒಳಗೆ ಹೋಗೋದು

9. ಆನೆ ಸಿ1 ಸಿ6 10. ಬಿಷಪ್ ಇ2 ಕುದುರೆ×ಸಿ3 11. ಆನೆ×ಸಿ3 ಡಿ×ಸಿ4 12. ಬಿಷಪ್×ಸಿ4 ಕುದುರೆ ಡಿ7 13. ಕ್ಯಾಸಲಿಂಗ್ ಬಿ6

ಒಂದು ಕಾಗದದಿಂದ ಮುಂದಿನ ಮೂವ್ ಮುಚ್ಚಿಟ್ಕೊಂಡು ಬ್ಲ್ಯಾಕ್ ಏನು ಆಡಿರಬಹುದು ಅಂತ ನೀವೇ ಯೋಚನೆ ಮಾಡಿ, ಆಮೇಲೆ ಕಾಗದ ಸರಿಸಿ ನೋಡಿ. ಪ್ರತಿ ಮೂವಿಗೂ ಒಂದೆರಡು ನಿಮಿಷ ಕೊಡಿ. 13ನೇ ಮೂವಲ್ಲಿ ಇ5 ಆಡೋದು ಇನ್ನೊಂದು ಮುಖ್ಯ ದಾರಿ, ಸೆಂಟರ್ ತಕ್ಷಣ ಒಡೀತೀವಿ. ಆನಂದ್ ಬಿ6 ಆರಿಸ್ಕೊಂಡ್ರು, ಬಿಷಪ್ ಬಿ7ಗೆ ಹೋಗತ್ತೆ, ಸಿ5 ಆಮೇಲೆ ಬರತ್ತೆ. ಶುರು ಮಾಡೋರು ಯಾವುದಾದ್ರೂ ಒಂದನ್ನೇ ಇಟ್ಕೊಳ್ಳಿ, ನಾನಂತೂ ಬಿ6 ಅಂತೀನಿ, ಯಾಕಂದ್ರೆ ಸಿ8ರ ಬಿಷಪ್ ಕಥೆ ಪೂರ್ತಿ ಕಣ್ಣಿಗೆ ಕಾಣೋದು ಅದರಲ್ಲೇ.

14. ಬಿಷಪ್ ಡಿ3 ಸಿ5 15. ಬಿಷಪ್ ಇ4 ಆನೆ ಬಿ8 16. ಕ್ವೀನ್ ಸಿ2 ಕುದುರೆ ಎಫ್6 17. ಡಿ×ಸಿ5 ಕುದುರೆ×ಇ4 18. ಕ್ವೀನ್×ಇ4 ಬಿ×ಸಿ5

ವೈಟ್‌ನ ಆ ಬಿಷಪ್ ಎಷ್ಟು ಸಲ ಓಡಾಡ್ತು ಲೆಕ್ಕ ಹಾಕಿ: ಇ2, ಸಿ4, ಡಿ3, ಇ4. ನಾಲ್ಕು ಮೂವ್, ಕೊನೆಗೆ ಬ್ಲ್ಯಾಕ್ ಕುದುರೆ ಬಾಯಿಗೆ. ಇದರಿಂದ ವೈಟ್‌ಗೆ ಸಿಕ್ಕಿದ್ದು ಏನೂ ಇಲ್ಲ ಅಂತಲ್ಲ, ಬ್ಲ್ಯಾಕ್‌ನ ಎ7, ಸಿ5 ಪಾನ್‌ಗಳು ಒಂಟಿ ಆದವು, ಅದರ ಮೇಲೆ ಕಣ್ಣಿಟ್ಟು ಗಂಟೆಗಟ್ಟಲೆ ಹಿಂಡಬಹುದು. ಆದ್ರೆ ಬಿಳಿ ಮನೆಗಳ ಮೇಲೆ ಓಡಾಡೋ ಬಿಷಪ್ ಈಗ ಬೋರ್ಡ್ ಮೇಲೆ ಒಂದೇ ಉಳೀತು, ಅದು ಆನಂದ್‌ದು. 18ನೇ ಮೂವಲ್ಲಿ ಸಿ5ನ ಕ್ವೀನಲ್ಲಿ ಹೊಡೆಯೋ ಹಾಗಿಲ್ಲ, ಸಿ3ರ ಆನೆ ಕಾಯ್ತಿದೆ, ಇದನ್ನೂ ಬೋರ್ಡ್ ಮೇಲೆ ನೋಡಿಟ್ಕೊಳ್ಳಿ.

19. ಕ್ವೀನ್ ಸಿ2 ಬಿಷಪ್ ಬಿ7 20. ಕುದುರೆ ಡಿ2 ಎಫ್8ರ ಆನೆ ಡಿ8 21. ಎಫ್3 ಬಿಷಪ್ ಎ6 22. ಆನೆ ಎಫ್2 ಆನೆ ಡಿ7 23. ಜಿ3 ಬಿ8ರ ಆನೆ ಡಿ8 24. ರಾಜ ಜಿ2 ಬಿಷಪ್ ಡಿ3 25. ಕ್ವೀನ್ ಸಿ1 ಬಿಷಪ್ ಎ6 26. ಆನೆ ಎ3 ಬಿಷಪ್ ಬಿ7 27. ಕುದುರೆ ಬಿ3 ಆನೆ ಸಿ7 28. ಕುದುರೆ ಎ5 ಬಿಷಪ್ ಎ8

ಇಲ್ಲಿ ಏನೂ ನಡೀತಿಲ್ಲ ಅಂತ ಅನ್ಸತ್ತೆ, ಮಕ್ಕಳಿಗೆ ತೋರಿಸಿದ್ರೆ ಇಲ್ಲೇ ಆಕಳಿಸ್ತಾರೆ. ಆದ್ರೆ 21. ಎಫ್3 ಯಾಕೆ ಬಂತು? ಬಿ7ರ ಬಿಷಪ್ ನೇರವಾಗಿ ವೈಟ್ ರಾಜನ ಕಡೆ ನೋಡ್ತಿದೆ, ಆ ದಾರಿಗೆ ಬಾಗಿಲು ಹಾಕೋಕೆ. 24ರಲ್ಲಿ ರಾಜ ಜಿ2ಗೆ ಬಂದು ಅದೇ ಓರೆಗೆರೆ ಮೇಲೇ ಕೂತ. ಮಧ್ಯ ಇರೋದು ಎಫ್3ರ ಪಾನ್ ಒಂದೇ. ಇನ್ನು 28ರಲ್ಲಿ ಬಿಷಪ್ ಮೂಲೆಗೆ, ಎ8ಗೆ ಹೋಯ್ತು, ನೋಡೋಕೆ ಓಡಿಹೋದ ಹಾಗೆ. ಆದ್ರೆ ಬಿ7 ಖಾಲಿ ಆಗಿದ್ದಕ್ಕೆ ಸಿ7ರ ಆನೆ ಒಂದೇ ಕಡೆ ನಿಂತು ಸಿ5ನೂ ಕಾಯತ್ತೆ, ಎ7ನೂ ಕಾಯತ್ತೆ, ಎರಡು ಒಂಟಿ ಪಾನಿಗೂ ಒಬ್ಬನೇ ಕಾವಲುಗಾರ. ಬಿಷಪ್ ಗೆರೆ ಬಿಟ್ಟಿಲ್ಲ, ಎ8ರಿಂದ ಎಚ್1ವರೆಗೂ ಅದೇ ಗೆರೆ. ಲಾಸ್ಕರ್ ಡಿಫೆನ್ಸಲ್ಲಿ “ಕೆಟ್ಟ ಬಿಷಪ್” ಅಂತ ಶುರುವಾದ ಕಾಯಿ ಇದು, ಅದನ್ನ ನೀವು ಮರೀಬಾರದು.

29. ಕುದುರೆ ಸಿ4 ಇ5 30. ಇ4 ಎಫ್5 31. ಇ×ಎಫ್5 ಇ4

ಇಲ್ಲಿ ನಿಲ್ಲಿ, ಗಡಿಯಾರದಲ್ಲಿ ಹತ್ತು ನಿಮಿಷ ಇಟ್ಕೊಂಡು ಯೋಚನೆ ಮಾಡಿ. 30. ಇ4 ಆಡಿ ವೈಟ್ ಆ ಗೆರೆಗೆ ಎರಡನೇ ಬೀಗ ಹಾಕಿದ್ರು, ಇ4 ಮತ್ತೆ ಎಫ್3. ಆನಂದ್ ಎಫ್5 ತಳ್ಳಿ ಕೇಳಿದ್ದು ಆ ಬೀಗ ತೆಗೀತೀರಾ ಅಂತ. ಟೋಪಲೋವ್ ಎಫ್5 ಹೊಡೆದ್ರು, ಒಂದು ಬೀಗ ಹೋಯ್ತು. ತಕ್ಷಣ ಇ4, ಪಾನ್ ಕೊಟ್ಟು ಇನ್ನೊಂದು ಬೀಗದ ಮೇಲೆ ಕೈ. 32. ಎಫ್×ಇ4 ಕ್ವೀನ್×ಇ4 ಚೆಕ್. ಬಾಗಿಲು ಪೂರ್ತಿ ತೆರೀತು. ಈಗ ರಾಜ ಜಿ1ಗೆ ಹೋದ್ರೆ ಕ್ವೀನ್ ಎಚ್1, ಮೇಟ್, ಹಿಂದೆ ಎ8ರ ಬಿಷಪ್ ಕಾವಲು. ಹಾಗಾಗಿ 33. ರಾಜ ಎಚ್3 ಆನೆ ಡಿ4 34. ಕುದುರೆ ಇ3 ಕ್ವೀನ್ ಇ8, ಎಂಥ ಚೆಂದದ ಮೂವ್ ಅದು! ಮುನ್ನುಗ್ಗೋ ಬದ್ಲು ಕ್ವೀನ್ ಹಿಂದಕ್ಕೆ ಬಂತು, ಬಂದಿದ್ದು ಎಚ್5ರಲ್ಲಿ ಮೇಟ್ ಮಾಡೋಕೆ: ಜಿ2 ಮನೆ ಬಿಷಪ್ ಹಿಡಿದಿದೆ, ನಾಲ್ಕನೇ ಸಾಲು ಆನೆ ಹಿಡಿದಿದೆ, ರಾಜನಿಗೆ ಹೋಗೋಕೆ ಜಾಗ ಇಲ್ಲ. 35. ಜಿ4 ಎಚ್5 36. ರಾಜ ಎಚ್4 ಜಿ5 ಚೆಕ್ 37. ಎಫ್×ಜಿ6 ಕ್ವೀನ್×ಜಿ6 38. ಕ್ವೀನ್ ಎಫ್1 ಆನೆ×ಜಿ4 ಚೆಕ್. ಇಲ್ಲಿಂದ ಮುಂದೆ ವೈಟ್ ಮೇಟ್ ತಪ್ಪಿಸ್ಕೊಳ್ಳೋಕೆ 46ನೇ ಮೂವಲ್ಲಿ ಕ್ವೀನ್ ಬಿಟ್ಕೊಟ್ರು, ಉಳಿದ ಆನೆ-ಕುದುರೆ ವಿರುದ್ಧ ಆನಂದ್ ಕ್ವೀನ್ ಇಟ್ಕೊಂಡು 56ನೇ ಮೂವಿಗೆ ಗೆದ್ರು. ಮ್ಯಾಚ್ 6.5–5.5.

ಹೆಜ್ಜೆ 4: ಕೈಗೆ ಹತ್ತಿಸ್ಕೊಳ್ಳೋದು

ನೋಡಿದ್ದು ಬೇರೆ, ಆಡೋದು ಬೇರೆ. ಒಬ್ಬ ಫ್ರೆಂಡನ್ನ ಹಿಡ್ಕೊಂಡು 13. ಕ್ಯಾಸಲಿಂಗ್ ಬಿ6 ಆದ ಪೊಸಿಷನ್ನಿಂದ 10 ನಿಮಿಷ + 5 ಸೆಕೆಂಡ್ ಗೇಮ್ ಆಡಿ, ಒಂದು ಸಲ ನೀವು ಬ್ಲ್ಯಾಕ್, ಒಂದು ಸಲ ವೈಟ್. ವೈಟ್ ಆಡೋದು ಬಹಳ ಮುಖ್ಯ, ಬ್ಲ್ಯಾಕ್‌ನ ಯಾವ ಮೂವಿಂದ ನಿಮಗೆ ಕಿರಿಕಿರಿ ಆಗತ್ತೋ ಅದೇ ಮೂವನ್ನ ನಾಳೆ ನೀವು ಆಡ್ತೀರ. ಆಮೇಲೆ ಸಿ×ಡಿ5 ದಾರಿಯಿಂದಲೂ ಹಾಗೇ ಆಡಿ, ವೀಕೆಂಡ್ ಟೂರ್ನಮೆಂಟಲ್ಲಿ ಎದುರಾಳಿ ಸಿಕ್ಕಿದ್ದನ್ನ ಹೊಡೆದುಬಿಡೋದು ಜಾಸ್ತಿ.

ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಲ್ಲಿ ಸ್ಟಡಿ ಅಂತ ಇದೆ, ದುಡ್ಡು ಕೊಡೋ ಹಾಗಿಲ್ಲ, ನಾಲ್ಕು ದಾರಿಗೆ ನಾಲ್ಕು ಚಾಪ್ಟರ್ ಮಾಡಿ ಇಟ್ಕೊಳ್ಳಿ, ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆ ಮೆಟ್ರೋದಲ್ಲಿ ಹೋಗ್ತಾ ಒಂದು ಸುತ್ತು ತಿರುವಿ ಹಾಕಬಹುದು. ಸ್ಟಾಕ್‌ಫಿಶ್ (ಚೆಸ್ ಇಂಜಿನ್) ಆನ್ ಮಾಡೋದು ಮಾತ್ರ ಕೊನೇಲಿ, ನೀವು ಮೊದಲು ನಿಮ್ಮ ಅಭಿಪ್ರಾಯ ಬರೆದಿಟ್ಟ ಮೇಲೆ. ಇಂಜಿನ್ 0.00 ಅಂತ ತೋರಿಸಿದ್ರೆ ಬೇಜಾರು ಬೇಡ, ಬ್ಲ್ಯಾಕಲ್ಲಿ 20ನೇ ಮೂವಿಗೆ ಸಮ ಸಮ ಇದ್ದು, ನಿಮಗೆ ಪ್ಲಾನ್ ಗೊತ್ತಿದ್ದು, ಎದುರಾಳಿಗೆ ಗೊತ್ತಿಲ್ಲ ಅಂದ್ರೆ ಅದಕ್ಕಿಂತ ಇನ್ನೇನು ಬೇಕು. “ಡ್ರಾ ಓಪನಿಂಗ್ ಕಣ್ರೀ ಅದು” ಅನ್ನೋರಿಗೆ ಈ ಗೇಮೇ ಉತ್ತರ, ವಿಶ್ವ ಚಾಂಪಿಯನ್‌ಶಿಪ್‌ನ ಕೊನೇ ಗೇಮನ್ನ ಬ್ಲ್ಯಾಕಲ್ಲಿ ಗೆದ್ದಿದ್ದು ಇದರಲ್ಲೇ.

ಹೆಜ್ಜೆ 5: ಲಾಸ್ಕರ್ ಬರದೇ ಇದ್ದಾಗ

ಇದನ್ನ ಮೊದಲೇ ತಿಳ್ಕೊಂಡಿರಿ, ನಿಮಗೆ ಲಾಸ್ಕರ್ ಆಡೋ ಅವಕಾಶ ಪ್ರತಿ ಡಿ4 ಗೇಮಲ್ಲೂ ಸಿಗಲ್ಲ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಆದ್ರು, ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಆದ್ರು, ಅವರನ್ನ ನೋಡ್ಕೊಂಡು ಬೆಳೀತಿರೋ ಮಕ್ಕಳು ಈಗ ಚೆನ್ನಾಗಿ ತಯಾರಾಗಿ ಬರ್ತಾರೆ, ಹತ್ತು ವರ್ಷದ ಹುಡುಗಿ ಎದುರು ಕೂತು ಎಕ್ಸ್‌ಚೇಂಜ್ ವೇರಿಯೇಷನ್ ಪಟಪಟ ಅಂತ ಆಡಿಬಿಡಬಹುದು.

ಆ ಎಕ್ಸ್‌ಚೇಂಜಲ್ಲಿ, ಅಂದ್ರೆ 4ನೇ ಮೂವಲ್ಲೇ ಸಿ×ಡಿ5 ಬಂದ್ರೆ, ಇ×ಡಿ5 ಹೊಡೀರಿ, ಬಿಷಪ್ ಇ7, ಕ್ಯಾಸಲಿಂಗ್, ಸಿ6, ಕುದುರೆ ಡಿ7, ಆನೆ ಇ8, ಕುದುರೆ ಎಫ್8, ಈ ಸೆಟಪ್ ಕಲೀರಿ. ವೈಟ್ ಬಿ4-ಬಿ5 ತಳ್ಕೊಂಡು ನಿಮ್ಮ ಸಿ6 ಒಡೆಯೋಕೆ ಬರ್ತಾರೆ, ನೀವು ರಾಜನ ಕಡೆ ಕಾಯಿ ಸೇರಿಸ್ಬೇಕು. 5. ಬಿಷಪ್ ಎಫ್4 ಬಂದ್ರೆ ಕ್ಯಾಸಲಿಂಗ್ ಮಾಡಿ 6. ಇ3 ಸಿ5 ಅಂತ ತಕ್ಷಣ ಸೆಂಟರ್ ತೆರೀರಿ. ಇನ್ನು ಸಿ4 ಆಡದೆ 2. ಬಿಷಪ್ ಎಫ್4 ಅಂತ ಲಂಡನ್ ಸಿಸ್ಟಮ್ ಬಂದ್ರೆ, ನಮ್ಮ ಲೆವೆಲಲ್ಲಿ ಇದೇ ಜಾಸ್ತಿ ಬರೋದು, ಬೇಗ ಸಿ5, ಕುದುರೆ ಸಿ6, ಕ್ವೀನ್ ಬಿ6, ಬಿ2 ಪಾನ್ ಮೇಲೆ ಒತ್ತಡ ಹಾಕಿ. ಮೂರನ್ನೂ ಒಂದೇ ವಾರ ತಲೆಗೆ ತುಂಬ್ಕೋಬೇಡಿ, ಮೊದಲು ಲಂಡನ್, ಆಮೇಲೆ ಎಕ್ಸ್‌ಚೇಂಜ್.

ಹೆಜ್ಜೆ 6: ಟೂರ್ನಮೆಂಟ್ ದಿನ

ಹಿಂದಿನ ರಾತ್ರಿ ಹೊಸದೇನೂ ನೋಡ್ಬೇಡಿ, ನೋಟ್‌ಬುಕ್ಕಿನ ಆ ನಾಲ್ಕು ಸಾಲು ಓದಿ ಮಲ್ಕೊಳ್ಳಿ. ಬೋರ್ಡಲ್ಲಿ 7ನೇ ಮೂವ್ ಆಡೋಕೆ ಮುಂಚೆ ಮೂರು ವಿಷಯ ನೋಡ್ಕೊಳ್ಳಿ: ನಾನು ಕ್ಯಾಸಲಿಂಗ್ ಮಾಡಿದೀನಾ, ಅವರ ಬಿಷಪ್ ನಿಜವಾಗ್ಲೂ ಎಚ್4ರಲ್ಲಿ ಇದೆಯಾ, ಡಿ5ರಲ್ಲಿ ನನ್ನ ಪಾನ್ ಇದೆಯಾ. ಮುಟ್ಟಿದ ಕಾಯಿ ಆಡಲೇಬೇಕು ಅನ್ನೋ ರೂಲ್ ಇರೋದ್ರಿಂದ ಆ ಸಿ×ಡಿ5 ಬಂದಾಗ ಕೈ ಮೇಜಿನ ಕೆಳಗೆ ಇರಲಿ, ಇ6 ಪಾನ್ ಮುಟ್ಟಿದ್ರೆ ವಾಪಸ್ ಇಡೋ ಹಾಗಿಲ್ಲ. ಕಾಯಿ ಕಮ್ಮಿ ಆದ್ಮೇಲೆ ಗೇಮ್ ಸುಲಭ ಆಯ್ತು ಅಂತ ಸ್ಪೀಡ್ ಹೆಚ್ಚಿಸ್ಬೇಡಿ, 13ರಿಂದ 20ನೇ ಮೂವಿನ ಮಧ್ಯೆ, ಸಿ5 ಯಾವಾಗ ತಳ್ಳೋದು ಅನ್ನೋ ಜಾಗದಲ್ಲಿ ಟೈಮ್ ಖರ್ಚು ಮಾಡಿ.

ರೌಂಡ್ ಮುಗಿದ ಮೇಲೆ ಗೆದ್ರೂ ಸೋತ್ರೂ ಎದುರಾಳಿನ ಕೇಳಿ, “ಕುದುರೆ ಇ4 ಬಂದಾಗ ನಿಮಗೇನು ಅನ್ಸ್ತು?” ಅಂತ. ಹೆಚ್ಚಿನವರು ಖುಷಿಯಿಂದ ಹೇಳ್ತಾರೆ, ಎಷ್ಟೋ ಸಲ ಆಚೆ ಕಾರಿಡಾರಲ್ಲಿ ಇನ್ನೊಂದು ಬೋರ್ಡ್ ಹಾಕ್ಕೊಂಡು ಕೂತೇಬಿಡ್ತಾರೆ. ಅವರು ಹೇಳಿದ್ದನ್ನ ಸ್ಕೋರ್‌ಶೀಟ್ ಹಿಂದೆ ಗೀಚಿಕೊಂಡು ಮನೆಗೆ ಬಂದು ಆಯಾ ದಾರಿಯ ಚಾಪ್ಟರಿಗೆ ಸೇರಿಸಿ.